ಒಂದು ಸೈಜು ಚಿಕ್ಕ ಷೂ

ನನ್ನ ಭಾವ ಮಂಗಳ ಗ್ರಹದ ಮೇಲೆ ಕೆಲಸಕ್ಕಿದ್ದ. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ನಾನೂ ಹಾಗೆ ಹೇಳಿಯೇ ಅವನನ್ನು ಇಷ್ಟು ವರ್ಷ ಗೋಳು ಹೊಯ್ದುಕೊಂಡವನು. ಅವನ ಮಂಗಳ ಗ್ರಹ ಶಾಲೆಯ ಎರಡು ತರಗತಿಗಳನ್ನು ಸೇರಿಸಿದಷ್ಟು ಅಗಲವಿತ್ತು. ಮೂರು ಕಡೆ ಪರದೆಯ ಮೇಲೆ ಬರೆದ ಮಂಕು ಆಕಾಶ, ಒಂದು ಕಡೆ ಹಗ್ಗ, ನಡುವೆ ಕೆಂಪು ಮಣ್ಣು, ಮಣ್ಣಿನ ಮೇಲೆ ಆರು ಚಕ್ರದ ಗಾಡಿಯ ಮಾದರಿ, ಸುತ್ತಮುತ್ತ ಥರ್ಮೋಕೋಲಿನ ಬಂಡೆಗಳು. ಇದನ್ನೂ, ಇದರ ಜೊತೆಗಿನ ರಾಕೆಟ್ಟು, ದೂರದರ್ಶಕ, ಚಿತ್ರದ ಹಲಗೆಗಳನ್ನೂ ಮ್ಯೂಸಿಯಂನವರು ನನ್ನ ಲಾರಿಗೆ ಹೇರಿ ಊರಿಂದೂರಿಗೆ ಕಳಿಸುತ್ತಿದ್ದರು. ನಾನು ಲಾರಿ ಓಡಿಸುತ್ತಿದ್ದೆ. ಭಾವ ಮಣ್ಣು ಹಾಸುತ್ತಿದ್ದ.

ಅವನು ನನ್ನ ಅಕ್ಕನ ಗಂಡನಾಗುವ ಮೊದಲೇ ನನ್ನ ಗೆಳೆಯ. ಅದಕ್ಕೇ ಈ ಏಕವಚನ. ಅಕ್ಕನಿಗೆ ಅದು ಇವತ್ತಿಗೂ ಸರಿಬರುವುದಿಲ್ಲ. ಭಾವ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಗಳನ್ನು ಒರೆಸುವ ಕೆಲಸಕ್ಕೆ ಸೇರಿದ್ದ. ಈ ಪ್ರದರ್ಶನ ತಯಾರಾದಾಗ ಮಣ್ಣು ಹೊರಲು ಆಳು ಬೇಕಾಗಿತ್ತು, ಇವನು ಹೊತ್ತ. ಹೊತ್ತ ಮಣ್ಣನ್ನು ಹರಡಲು ಯಾರಿಗೂ ಬರಲಿಲ್ಲ, ಇವನು ಹರಡಿದ. ಅಲ್ಲಿಂದ ಆ ಮಣ್ಣು ಇವನ ಕೈಬಿಡಲಿಲ್ಲ, ಇವನೂ ಅದನ್ನು ಬಿಡಲಿಲ್ಲ.

ಆ ಕೆಲಸಕ್ಕೆ ಒಂದು ಕ್ರಮವಿತ್ತು. ಮೂಟೆಯಿಂದ ಸುರಿದ ಮಣ್ಣನ್ನು ಜರಡಿ ಹಿಡಿದು, ಮೂಲೆಮೂಲೆಗೆ ಎಳೆದು, ಆಮೇಲೆ ತೀರಾ ಹಿಂದಿನ ಮೂಲೆಯಲ್ಲಿ ನಿಂತುಕೊಂಡು ಉದ್ದ ಹಿಡಿಯ, ಮರದ ಹಲ್ಲುಗಳ ಹಲುಬೆಯಿಂದ ತನ್ನ ಹೆಜ್ಜೆಗಳನ್ನು ತಾನೇ ಅಳಿಸುತ್ತ ಹಿಂದಿಂದಕ್ಕೆ ಬರಬೇಕು. ಹಗ್ಗದ ಹತ್ತಿರ ಬಂದು ಹೊರಗೆ ಕಾಲಿಟ್ಟಾಗ ಒಳಗೆ ಒಂದು ಗುರುತೂ ಇರಬಾರದು. ಗಾಡಿಯ ಚಕ್ರದ ಗೆರೆ ಮಾತ್ರ ಇರಬೇಕು. ಅದನ್ನು ಉದ್ದನೆಯ ಕೋಲಿಗೆ ಕಟ್ಟಿದ ಸಣ್ಣ ಚಕ್ರದಿಂದ ಎಳೆಯುತ್ತಿದ್ದ. ನೋಡಲು ಬಂದವರು ಚಿಲ್ಲರೆ ಎಸೆಯುತ್ತಿದ್ದರು, ಚಾಕೊಲೇಟಿನ ಕಾಗದ ಎಸೆಯುತ್ತಿದ್ದರು, ಒಮ್ಮೆ ಯಾರೋ ಕನ್ನಡಕ ಬೀಳಿಸಿದ್ದರು. ಒಂದು ಕಾಗದ ಹೆಕ್ಕಲು ನಡುವಿನವರೆಗೆ ಹೋದರೂ ಮತ್ತೆ ಅದೇ ಹಿಮ್ಮುಖ ನಡಿಗೆ.

"ಯಾರು ನೋಡ್ತಾರೆ ಭಾವ, ಒಂದು ಹೆಜ್ಜೆ ಉಳಿದ್ರೆ ಏನಾಯ್ತು?" ಎಂದು ನಾನು ಕೇಳುತ್ತಿದ್ದೆ.

"ಅಲ್ಲಿಗೆ ಇನ್ನೂ ಯಾರೂ ಹೋಗಿಲ್ಲ ಕಣೋ. ಹೆಜ್ಜೆ ಇದ್ರೆ ಸುಳ್ಳಾಗಲ್ವಾ?"

ಸುಳ್ಳಂತೆ! ಥರ್ಮೋಕೋಲಿನ ಬಂಡೆ ಸುಳ್ಳಲ್ಲ, ಪರದೆಯ ಆಕಾಶ ಸುಳ್ಳಲ್ಲ, ಇವನ ಹೆಜ್ಜೆ ಮಾತ್ರ ಸುಳ್ಳು. ಅವನೊಡನೆ ವಾದ ಮಾಡಿ ಗೆದ್ದವರಿಲ್ಲ. ಅವನು ವಾದವನ್ನೇ ಮಾಡುತ್ತಿರಲಿಲ್ಲ, ಹಲುಬೆ ಹಿಡಿದು ಹೊರಟುಬಿಡುತ್ತಿದ್ದ.

ಅವರ ಮನೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗಿನ ಹಬೆ ಏರಿ ಬಂದು ನೆಲ ಯಾವಾಗಲೂ ಬೆಚ್ಚಗಿರುತ್ತಿತ್ತು. ಅಕ್ಕ ಅಲ್ಲಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ದಿಂಬಿನ ಚೀಲ, ಪರದೆ ಹೊಲಿಯುತ್ತಿದ್ದಳು. ಭಾವ ಮನೆಯಲ್ಲಿದ್ದ ದಿನಗಳಲ್ಲಿ ನಾನೂ ಅಲ್ಲೇ ಬಿದ್ದಿರುತ್ತಿದ್ದೆ. ನನಗೆ ಹೆಂಡತಿಯಿಲ್ಲ, ಮನೆಯೂ ಇಲ್ಲ, ಲಾರಿಯೇ ಎರಡೂ. ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಆ ವಿಷಯ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ನಾನಂತೂ ಎತ್ತುತ್ತಿರಲಿಲ್ಲ.

ಭಾವನಿಗೆ ಸಕ್ಕರೆ ಕಾಯಿಲೆ ಬಂದದ್ದು ಯಾವಾಗಲೋ, ಗೊತ್ತಾದದ್ದು ತಡವಾಗಿ. ಅಷ್ಟರಲ್ಲಿ ಅದು ಅವನ ಪಾದಗಳ ಸ್ಪರ್ಶವನ್ನು ತಿಂದುಹಾಕಿತ್ತು. ಬಿಸಿನೀರು ಬಿಸಿ ಅನ್ನಿಸುತ್ತಿರಲಿಲ್ಲ, ಕಲ್ಲು ಚುಚ್ಚುತ್ತಿರಲಿಲ್ಲ. "ಯಾರದೋ ಕಾಲು ತಂದು ಜೋಡಿಸ್ಕೊಂಡ ಹಾಗಿದೆ ಕಣೋ. ನಡೀತೀನಿ, ಆದ್ರೆ ನಡೀತಿರೋದು ನಾನಲ್ಲ" ಎನ್ನುತ್ತಿದ್ದ. ಡಾಕ್ಟರು ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಖಡಾಖಂಡಿತವಾಗಿ ಹೇಳಿದ್ದರು: ಗಾಯವಾದರೆ ಇವರಿಗೆ ತಿಳಿಯುವುದಿಲ್ಲ, ತಿಳಿಯದ ಗಾಯ ಮಾಯುವುದಿಲ್ಲ, ಮಾಯದ ಗಾಯಕ್ಕೆ ಕಾಲನ್ನೇ ಕೊಡಬೇಕಾಗುತ್ತದೆ. ಅಂದಿನಿಂದ ಆ ಮನೆಯ ಭಯಕ್ಕೆ ಒಂದು ವಿಳಾಸ ಸಿಕ್ಕಿತು. ಕಾಲು ಹೋದರೆ ಭಾವನಿಗೆ ಮಂಗಳವೂ ಹೋಯಿತು. ಕುಂಟುವವನ ಕೈಗೆ ಆ ಹಲುಬೆಯನ್ನು ಯಾರು ಕೊಡುತ್ತಾರೆ?

ಅಕ್ಕ ಸಂಜೆಯಾದರೆ ಸ್ಟೂಲಿನ ಮೇಲೆ ಕೂತು ಅವನ ಪಾದಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು, ಬೆರಳುಗಳ ಸಂದಿ ಬಿಡಿಸಿ, ಟಾರ್ಚು ಬಿಟ್ಟು ನೋಡುತ್ತಿದ್ದಳು. ನಾನು ಇದ್ದರೆ ಭಾವ ನಾಚಿಕೊಂಡು ಪತ್ರಿಕೆ ಓದುವವನ ಹಾಗೆ ನಟಿಸುತ್ತಿದ್ದ. "ತಲೆಕೆಳಗಾಗಿ ಹಿಡಿದಿದೀಯ ಭಾವ" ಎಂದರೆ ಅಕ್ಕ ನನ್ನ ಕಡೆ ಚಪ್ಪಲಿ ಎಸೆಯುತ್ತಿದ್ದಳು. ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆಯಕೂಡದು ಎಂದು ಡಾಕ್ಟರು ಹೇಳಿದ್ದರಿಂದ, ಹಳೆಯ ಹಾಸಿಗೆಯ ಬಟ್ಟೆ ಮಡಚಿ ದಪ್ಪ ತಳದ ಸಡಿಲ ಕಾಲುಚೀಲ ಹೊಲಿದುಕೊಟ್ಟಳು. ಅವು ನೋಡಲು ಎರಡು ಸತ್ತ ಮೊಲದ ಹಾಗಿದ್ದವು. ಆದರೆ ಮಣ್ಣಿನಲ್ಲಿ ಅಚ್ಚು ಮೂಡಿಸುತ್ತಿರಲಿಲ್ಲ, ಕಾಲಿಗೆ ಏನೂ ತಾಗಗೊಡುತ್ತಿರಲಿಲ್ಲ. ಊರಿಂದೂರಿಗೆ ಹೋದಾಗ ಭಾವನೇ ಅಕ್ಕನ ಕೈಕನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿದು ನೋಡಿಕೊಳ್ಳುತ್ತಿದ್ದ. ಗಾಯ ಬರುವುದು ಕೆಳಗಿನಿಂದ, ಮಣ್ಣಿನಿಂದ ಎಂದು ಎಲ್ಲರ ತಲೆಯಲ್ಲೂ ಕೂತಿತ್ತು.

ಹೀಗಿರುವಾಗ ಪ್ರದರ್ಶನವೇ ನಿಂತುಹೋಯಿತು. ಮೊದಲಿನಿಂದಲೂ ಖರ್ಚು ನೋಡಿಕೊಳ್ಳುತ್ತಿದ್ದ ಬ್ಯಾಟರಿ ಕಂಪನಿಗೆ ಮಂಗಳ ಸಾಕಾಯಿತಂತೆ, ಅವರು ಕ್ರಿಕೆಟ್ಟಿನ ಕಡೆ ಹೋದರು. ರಾಕೆಟ್ಟನ್ನು ಬಿಚ್ಚಿ ಮ್ಯೂಸಿಯಂನ ಹಿಂದಿನ ಗೋದಾಮಿಗೆ ಹಾಕಿದರು. ನಾನು ಬೇರೆಯವರ ಸಿಮೆಂಟು ಹೊತ್ತೆ. ಭಾವನನ್ನು ಸೈಕಲ್ ಸ್ಟ್ಯಾಂಡ್ ಕಾಯಲು ಕೂರಿಸಿದರು. ಅಲ್ಲಿ ಅವನು ಸೊರಗಿದ. ಮಧ್ಯಾಹ್ನದ ಊಟದ ಹೊತ್ತಿಗೆ ಗೋದಾಮಿಗೆ ಹೋಗಿ ಮಣ್ಣಿನ ಮೂಟೆಗಳನ್ನು ಮಗ್ಗುಲು ಬದಲಾಯಿಸಿ ಬರುತ್ತಿದ್ದನಂತೆ, ಹಾಸಿಗೆ ಹಿಡಿದವರಿಗೆ ಮಾಡುವ ಹಾಗೆ. ಇದನ್ನು ಅಕ್ಕ ನಗುತ್ತ ಹೇಳಲು ಹೊರಟು ಮಧ್ಯದಲ್ಲಿ ಹೊಲಿಗೆ ಯಂತ್ರದ ಕಡೆ ತಿರುಗಿಕೊಂಡಳು.

ಆಮೇಲೆ ಷೂ ಕಂಪನಿ ಬಂತು.

ಪ್ರದರ್ಶನದ ಉಸ್ತುವಾರಿ ಮೇಡಂ ನಮ್ಮೆಲ್ಲರನ್ನೂ ಕರೆದು ಹೇಳಿದರು. ಒಳ್ಳೆಯ ಹೆಂಗಸು, ಅವರ ಬಗ್ಗೆ ನಾನು ಕೆಟ್ಟ ಮಾತಾಡುವುದಿಲ್ಲ. ಈ ಪ್ರದರ್ಶನ ಅವರ ಕೂಸು. ಅದನ್ನು ಬದುಕಿಸಲು ಕಂಡಕಂಡವರ ಬಾಗಿಲು ತಟ್ಟಿ ತಟ್ಟಿ ಸುಸ್ತಾಗಿದ್ದರು. ಕಂಪನಿಯ ಪರವಾಗಿ ಬಂದವನು ತೆಳ್ಳಗಿನ, ಚೆಂದಗೆ ಗಡ್ಡ ಕತ್ತರಿಸಿಕೊಂಡ ಮ್ಯಾನೇಜರು. ಏನು ತೋರಿಸಿದರೂ "ವಾವ್" ಎನ್ನುತ್ತಿದ್ದ. ರಾಕೆಟ್ಟಿಗೆ ವಾವ್, ಗಾಡಿಗೆ ವಾವ್, ಬೆಂಕಿ ಆರಿಸುವ ಮರಳಿನ ಬಕೆಟ್ಟಿಗೂ ವಾವ್. ನಾವು ಅವನಿಗೆ ಅದೇ ಹೆಸರಿಟ್ಟೆವು. ಲಾರಿಯ ಎರಡೂ ಪಕ್ಕಕ್ಕೆ, ಗಾಡಿಯ ಬೆನ್ನಿಗೆ, ಟಿಕೆಟ್ಟಿಗೆ, ನಮ್ಮ ಅಂಗಿಗಳಿಗೆ ಕಂಪನಿಯ ಮುದ್ರೆ ಬಂತು. ಮಂಗಳದ ಆಕಾಶದ ಒಂದು ಮೂಲೆಗೂ ಬಂತು, ನೋಡಿದರೆ ಅಲ್ಲಿ ಎರಡನೆಯ ಸೂರ್ಯ ಹುಟ್ಟಿದ ಹಾಗೆ. ಭಾವ ಜರಡಿ ಹುಡುಕಲು ಹೋದ. ಅವನಿಗೆ ಮಣ್ಣು ವಾಪಸು ಸಿಕ್ಕಿತ್ತು, ಆಕಾಶ ಯಾರದಾದರೇನು?

ಮೊದಲ ಊರಿನ ಸಭಾಂಗಣದಲ್ಲಿ ಭಾವ ಅಕ್ಕನ ಕಾಲುಚೀಲ ಹಾಕಿಕೊಂಡು ಮಣ್ಣು ಎಳೆಯುತ್ತಿದ್ದಾಗ ವಾವ್ ಹಗ್ಗದ ಹತ್ತಿರ ನಿಂತು ನೋಡಿದ. ಅವತ್ತು ವಾವ್ ಅನ್ನಲಿಲ್ಲ.

"ಇದೇನು ಕಾಲಿಗೆ?" ಎಂದ.

"ನಮ್ಮನೆಯವಳು ಹೊಲಿದಿದ್ದು ಸಾರ್. ಸಕ್ಕರೆ ಕಾಯಿಲೆ ಇದೆ, ಕಾಲು ಮರಗಟ್ಟಿದೆ."

"ಅಯ್ಯೋ, ಷೂ ಕಂಪನಿ ಪ್ರದರ್ಶನದಲ್ಲಿ ಇದನ್ನ ಹಾಕ್ಕೊಂಡು ಓಡಾಡಿದ್ರೆ ಹೇಗೆ? ಜನ ಫೋಟೋ ತೆಗೀತಾರೆ. ಎಲ್ಲರಿಗೂ ನಮ್ಮ ಷೂ ಬರುತ್ತೆ. ಮೆತ್ತಗಿರುತ್ತೆ, ನಿಮಗಂತೂ ತುಂಬ ಒಳ್ಳೇದು."

ಷೂ ಬಂದವು. ಉದ್ಘಾಟನೆಯ ಹಿಂದಿನ ದಿನ ಸಭಾಂಗಣದ ಮೂಲೆಯಲ್ಲಿ ಡಬ್ಬಿಗಳನ್ನು ಪೇರಿಸಿಟ್ಟಿದ್ದರು. ನಾವು ಸಾಲಾಗಿ ಕೂತು ಹಾಕಿ ನೋಡಿದೆವು. ಭಾವ ತನ್ನ ಅಳತೆಯದನ್ನು ಹಾಕಿಕೊಂಡು ಎದ್ದು ನಾಲ್ಕು ಹೆಜ್ಜೆ ಹಾಕಿದ, ಕೂತ, ಮತ್ತೆ ಎದ್ದ. ಹೊಂದುತ್ತದೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಅವನ ಮಟ್ಟಿಗೆ ಕಾಲಲ್ಲಿ ಏನೂ ಇರಲಿಲ್ಲ. ಆಮೇಲೆ ಹೆಚ್ಚಿಗೆ ಉಳಿದ ಡಬ್ಬಿಗಳಲ್ಲಿ ಒಂದು ಸೈಜು ಚಿಕ್ಕದನ್ನು ತೆಗೆದು, ಹಿಮ್ಮಡಿ ತುರುಕಿ, ಲಾಡಿ ಬಿಗಿದು ನಿಂತ. ನಿಂತವನ ಮುಖ ಬದಲಾಯಿತು.

"ಲೇ, ಗೊತ್ತಾಗ್ತಿದೆ ಕಣೋ" ಎಂದ.

"ಏನು ಗೊತ್ತಾಗ್ತಿದೆ?"

"ಕಾಲು. ನನ್ನ ಕಾಲು ಇದೆ ಇಲ್ಲಿ."

"ಭಾವ, ಅದು ಚಿಕ್ಕದು. ಬಿಗಿಯಾಗಿದೆ, ಅದಕ್ಕೇ ಗೊತ್ತಾಗ್ತಿರೋದು. ದೊಡ್ಡದು ಹಾಕ್ಕೋ."

"ದೊಡ್ಡದರಲ್ಲಿ ಕಾಲೇ ಇರಲ್ಲ. ಎಷ್ಟು ವರ್ಷ ಆಯ್ತೋ ನನಗೆ ನೆಲ ಸಿಕ್ಕಿ! ಬಿಡು, ನನ್ನ ಕಾಲಿಗೆ ಯಾವುದು ಸರಿ ಅಂತ ನನಗೆ ಗೊತ್ತಿಲ್ವಾ?"

ನನಗೆ ಸಿಟ್ಟು ಬಂತು. ಇಬ್ಬರೂ ಜಗಳವಾಡಿದೆವು, ಜೋರಾಗಿಯೇ. ಡಬ್ಬಿಯನ್ನು ಕಿತ್ತುಕೊಳ್ಳಲು ಹೋದೆ. ಅವನು ಮಗುವಿನ ಹಾಗೆ ಎರಡೂ ಕಾಲು ಬೆಂಚಿನ ಕೆಳಗೆ ಎಳೆದುಕೊಂಡ. ಅಷ್ಟರಲ್ಲಿ ವಾವ್ ಕ್ಯಾಮೆರಾದವನ ಜೊತೆ ಬಂದ. ಹೇಗಿದೆ ಷೂ, ಹೇಳಿ ಎಂದ. ಭಾವ ಕ್ಯಾಮೆರಾ ಕಂಡರೆ ಬೆವರುವ ಮನುಷ್ಯ. ಅವತ್ತು ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ: "ಯಾರೋ ಪ್ರೀತಿಯಿಂದ ಕಾಲು ಹಿಡ್ಕೊಂಡ ಹಾಗಿದೆ ಸಾರ್."

"ವಾವ್" ಎಂದ ವಾವ್. ಅವನಿಗೂ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ.

ಮರುದಿನ ಬಾಗಿಲಿನ ದೊಡ್ಡ ಪರದೆಯ ಮೇಲೆ ಭಾವನ ಮುಖ ಬಂತು. ಹಿಂದೆ ಮಂಗಳ ಗ್ರಹ, ಮುಂದೆ ಭಾವ, ಕೆಳಗೆ ಆ ಮಾತು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಜನ ಅವನನ್ನು ಗುರುತು ಹಿಡಿದು ಮಾತಾಡಿಸಿದರು. ಅಕ್ಕನಿಗೆ ಯಾರೋ ಫೋನಿನಲ್ಲಿ ತೋರಿಸಿದರಂತೆ. ಅವಳು ಅಂಗಡಿಯವರಿಗೆಲ್ಲ ತೋರಿಸಿ ಬಂದಳು. ಇಷ್ಟು ವರ್ಷ ಮಣ್ಣಿನಿಂದ ಹೆಜ್ಜೆ ಒರೆಸಿ ಒರೆಸಿ ಯಾರ ಕಣ್ಣಿಗೂ ಬೀಳದವನು ಒಂದೇ ದಿನದಲ್ಲಿ ಊರಿಗೆಲ್ಲ ಕಂಡ. ಅವನಿಗೆ ಖುಷಿಯಾಗಿತ್ತು, ನನಗೂ ಆಗಿತ್ತು. ಖುಷಿಯಲ್ಲಿ ಜಗಳ ಮರೆತೆವು.

ನನ್ನನ್ನು ಲಾರಿಯ ಜೊತೆ ಉಳಿದ ಸಾಮಾನು ತರಲು ಕಳಿಸಿದರು. ದಾರಿಯಲ್ಲಿ ಎಂಜಿನ್ನು ಕೈಕೊಟ್ಟು ಬಿಡಿಭಾಗಕ್ಕಾಗಿ ಹತ್ತಾರು ದಿನ ಕಾದು ಕೂತೆ. ಭಾವ ಬೆಳಗಿನಿಂದ ಬಾಗಿಲು ಹಾಕುವವರೆಗೆ ಆ ಷೂ ತೊಟ್ಟು ನಿಂತಿರುತ್ತಿದ್ದ. ಷೂ ತೊಟ್ಟೇ ಹಿಂದಿಂದಕ್ಕೆ ನಡೆದು ಮಣ್ಣು ಎಳೆಯುತ್ತಿದ್ದ. ಸಂಜೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಿದ್ದ. ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು, "ಅಂಗಾಲು ನೋಡ್ಕೊಂಡ್ರಾ?" ಇವನು ಹೇಳುತ್ತಿದ್ದ, "ನೋಡ್ದೆ ಕಣೇ, ಮಗುವಿನ ಕೆನ್ನೆ ಹಾಗಿದೆ." ಅದು ನಿಜವೂ ಆಗಿತ್ತು. ಮಣ್ಣಿಗೆ ಹೆದರಿಕೊಂಡು ಇಬ್ಬರೂ ಅಂಗಾಲನ್ನು ಕಾದರು. ಷೂ ಪಕ್ಕದಿಂದ ಕಚ್ಚಿತು, ಬೆರಳುಗಳನ್ನು ಒಂದಕ್ಕೊಂದು ಒತ್ತಿ ಸಂದಿಯಲ್ಲಿ ಕಚ್ಚಿತು. ಕನ್ನಡಿಗೆ ಅದು ಕಾಣುವುದಿಲ್ಲ. ಷೂ ಜೊತೆ ಬಂದ ಹೊಸ ಕಾಲುಚೀಲ ಕಪ್ಪು ಬಣ್ಣದ್ದು, ಒದ್ದೆಯಾದರೆ ಬೆವರು, ಬೆರಳು ಕಪ್ಪಾದರೆ ಅದರ ಬಣ್ಣ ಅಂದುಕೊಂಡ.

ನಾನು ಹಿಂತಿರುಗುವಷ್ಟರಲ್ಲಿ ವಾವ್‌ಗೆ ಹೊಸ ಯೋಚನೆ ಬಂದಿತ್ತು. ಮಂಗಳದ ಮಣ್ಣಿನ ಮೇಲೆ ಮೊದಲು ಒಂದು ಜೊತೆ ಬರಿಗಾಲಿನ ಹೆಜ್ಜೆ, ಅದರ ಮುಂದೆ ಕಂಪನಿಯ ಷೂ ಹೆಜ್ಜೆಗಳು. ನಿನ್ನೆ ಬರಿಗಾಲು, ನಾಳೆ ನಮ್ಮ ಷೂ. ಮೇಡಂ ಒಪ್ಪಲಿಲ್ಲ. ಅಲ್ಲಿಗೆ ಯಾರೂ ಹೋಗಿಲ್ಲ, ಮಕ್ಕಳು ನಿಜವೆಂದು ತಿಳಿದಾರು ಎಂದರು. ವಾವ್ ಮೆಲ್ಲಗೆ, ತುಂಬ ಮರ್ಯಾದೆಯಿಂದ, ಮುಂದಿನ ಊರುಗಳ ವಿಷಯ ಎತ್ತಿದ. ಮೇಡಂ ಕೊನೆಗೆ ಕೆಳಗೊಂದು ಹಲಗೆಯಲ್ಲಿ 'ಕಲ್ಪನೆ' ಎಂದು ಬರೆಸುವುದಾದರೆ ಆಗಲಿ ಎಂದರು. ಹಲಗೆ ಅಂಗೈಯಷ್ಟು ದೊಡ್ಡದಿತ್ತು.

ಬರಿಗಾಲು ಯಾರದು ಎಂದಾಗ ವಾವ್ ಭಾವನ ಕಡೆ ಕೈ ತೋರಿಸಿದ. ಪ್ರತಿದಿನ ಮಂಗಳಕ್ಕೆ ಹೋಗಿಬರುವವರು ಇವರೇ ಅಲ್ಲವೇ?

ಭಾವ ಕೈಯಲ್ಲಿದ್ದ ಹಲುಬೆಯನ್ನು ನೋಡಿದ. "ಅಲ್ಲಿ ಹೆಜ್ಜೆ ಇರಬಾರದು ಸಾರ್" ಎಂದ. ಮೇಡಂ ಮುಖ ನೋಡಿದ, ಅವರು ನೆಲ ನೋಡುತ್ತಿದ್ದರು. ಸೈಕಲ್ ಸ್ಟ್ಯಾಂಡ್ ಅವನ ಕಣ್ಣಮುಂದೆ ಬಂದಿರಬೇಕು. "ಆಯ್ತು ಸಾರ್" ಎಂದ.

ಅಚ್ಚು ತೆಗೆಯುವವನು ಬಕೆಟ್ಟು, ಪ್ಲಾಸ್ಟರ್ ಪುಡಿ, ಎರಡು ಅಗಲದ ತಟ್ಟೆಗಳೊಂದಿಗೆ ಬಂದ. ಸಭಾಂಗಣದ ಹಿಂಬದಿಯ ಅಡುಗೆ ಕೋಣೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ಭಾವನನ್ನು ಕುರ್ಚಿಯಲ್ಲಿ ಕೂರಿಸಿದ. ನಾನು ಅಲ್ಲೇ ಒರಗಿ ನಿಂತು, "ಭಾವ, ಉಗುರು ತೆಗೆದಿದೀಯಾ? ಮಂಗಳದಲ್ಲಿ ಮರ್ಯಾದೆ ಹೋದೀತು" ಎಂದು ರೇಗಿಸುತ್ತಿದ್ದೆ. ಎಡಗಾಲು ಸರಾಗವಾಗಿ ತಟ್ಟೆಯಲ್ಲಿ ಕೂತಿತು, ಎದ್ದಿತು. ಚೆಂದದ ಅಚ್ಚು. ವಾವ್ ಅಂದ ವಾವ್.

ಬಲಗಾಲಿನ ಕಾಲುಚೀಲ ಬರಲಿಲ್ಲ. ಅಂಟಿಕೊಂಡಿತ್ತು. ಅಚ್ಚಿನವನು ಸ್ವಲ್ಪ ಎಳೆದ, ಬಂತು. ಅದರ ಜೊತೆ ಬಂದ ವಾಸನೆ ಆ ಕೋಣೆಯನ್ನು ತುಂಬಿಕೊಂಡಿತು. ಕಿರುಬೆರಳು, ಅದರ ಪಕ್ಕದ್ದು ಎರಡೂ ಕಪ್ಪಾಗಿದ್ದವು. ಪಾದದ ಅಂಚಿನ ಮೇಲೆ ನಾನು ಬರೆಯಲಾರದಂಥದು ಇತ್ತು.

ಭಾವ ಬಗ್ಗಿ ನೋಡಿದ. ಬೇರೆ ಯಾರದೋ ಕಾಲು ನೋಡುವವನ ಹಾಗೆಯೇ ನೋಡಿದ. "ನೋಯ್ತಾನೇ ಇಲ್ವಲ್ಲೋ" ಎಂದ ನನಗೆ.

ಅಚ್ಚಿನವನು ಬಕೆಟ್ಟನ್ನು ಹಿಂದಕ್ಕೆ ಸರಿಸಿ, "ಇದನ್ನ ಅಚ್ಚಿಗೆ ಇಡಕ್ಕಾಗಲ್ಲ. ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದ. ನಾನು ಭಾವನನ್ನು ಎತ್ತಿಕೊಂಡೆ. ಅವನು ಹಗುರವಾಗಿದ್ದ, ಯಾವಾಗ ಇಷ್ಟು ಹಗುರವಾದನೋ. ಬಾಗಿಲು ದಾಟುವಾಗ ಹಿಂದಿನಿಂದ ವಾವ್‌ನ ದನಿ ಕೇಳಿಸಿತು. ಮೂಗಿಗೆ ಕರವಸ್ತ್ರ ಹಿಡಿದು ಅಚ್ಚಿನವನನ್ನು ಕೇಳುತ್ತಿದ್ದ: "ಎಡಗಾಲು ಸಿಕ್ಕಿದೆಯಲ್ಲ, ಅದನ್ನೇ ಕಂಪ್ಯೂಟರಲ್ಲಿ ತಿರುಗಿಸಿ ಬಲಗಾಲು ಮಾಡಕ್ಕಾಗುತ್ತಾ?" ಆಗುತ್ತದೆ ಎಂದ ಅಚ್ಚಿನವನು. ಕೈಯಲ್ಲಿ ಭಾವ ಇಲ್ಲದಿದ್ದರೆ ನಾನು ತಿರುಗಿ ಹೋಗಿ ಅವನ ಹಲ್ಲು ಉದುರಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ಮೊದಲು ಎರಡು ಬೆರಳು ತೆಗೆದರು. ವಿಷ ಮೇಲೆ ಹತ್ತಿತ್ತು. ಆಮೇಲೆ ಅರ್ಧ ಪಾದ ಎಂದರು. ಕೊನೆಗೆ ಮೊಣಕಾಲಿನ ಕೆಳಗೆ ನಿಂತರು. ಪ್ರತಿ ಸಲವೂ ಅಕ್ಕ, ಇಷ್ಟಕ್ಕೇ ಸಾಕು ಎಂದು ಡಾಕ್ಟರ ಹತ್ತಿರ ಚೌಕಾಸಿ ಮಾಡುವವಳ ಹಾಗೆ ಬೇಡಿಕೊಂಡಳು. ಅವಳು ಬಸ್ಸಿಳಿದು ನೇರ ವಾರ್ಡಿಗೆ ಬಂದವಳು, ಅವನನ್ನು ಬಯ್ಯಲೆಂದೇ ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದಳಂತೆ. ಬಂದು ನೋಡಿ ಮಂಚದ ಪಕ್ಕ ಕೂತುಬಿಟ್ಟಳು.

"ಅಂಗಾಲು ಚೆನ್ನಾಗೇ ಇತ್ತು ಕಣೇ" ಎಂದ ಭಾವ. "ನಿನ್ನಾಣೆಗೂ ದಿನಾ ನೋಡ್ದೆ."

"ಗೊತ್ತು" ಎಂದಳು ಅಕ್ಕ. ಮಂಚದ ಕೆಳಗಿದ್ದ ಷೂ ತೆಗೆದು ಒಳಗೆ ಕೈಯಿಟ್ಟಳು. ಅವಳದು ಸಣ್ಣ ಕೈ, ಹೊಲಿಗೆಯವಳ ಕೈ. ಅದೂ ಬೆರಳು ಬಿಡಿಸಲು ಜಾಗವಿಲ್ಲದೆ ಒಳಗೆ ನಿಂತಿತು. "ಇದು ನಿಮ್ಮ ಅಳತೆ ಅಂತ ಯಾರು ಹೇಳಿದ್ದು?"

ಭಾವ ಗೋಡೆಯ ಕಡೆ ತಿರುಗಿಕೊಂಡ. "ಇದರಲ್ಲಿ ಕಾಲು ಗೊತ್ತಾಗ್ತಿತ್ತು ಕಣೇ" ಎಂದ. ಅಕ್ಕ ಷೂವಿನಿಂದ ಕೈ ತೆಗೆಯದೆ ಹಾಗೇ ಕೂತಿದ್ದಳು. ಅವಳ ಗಂಡ ಸುಖಪಟ್ಟ ಕೊನೆಯ ಜಾಗ ಅದು, ಅದಕ್ಕೇ ಅವನ ಕಾಲು ಹೋಗಿದೆ. ಅದನ್ನು ಬಯ್ಯುವುದೋ ಬಿಡುವುದೋ ಅವಳಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ವರಾಂಡಕ್ಕೆ ಹೋಗಿ ಅತ್ತೆ.

ವಾವ್ ಆಸ್ಪತ್ರೆಗೆ ಬಂದ. ಹೆದರಿಕೊಂಡೇ ಬಂದಿದ್ದ, ಹಣ್ಣಿನ ಬುಟ್ಟಿ ತಂದಿದ್ದ. ಜೊತೆಗೆ ಕಂಪನಿಯವರು ಕೊಟ್ಟ ಉಡುಗೊರೆ ಎಂದು ಬಣ್ಣದ ಕಾಗದ ಸುತ್ತಿದ ಡಬ್ಬಿ ತಂದಿದ್ದ. ಅದರಲ್ಲಿ ಏನಿದೆಯೆಂದು ಅವನಿಗೇ ಗೊತ್ತಿರಲಿಲ್ಲವೇನೋ. ಇಂಥ ಸಂದರ್ಭಕ್ಕೆಲ್ಲ ಕಚೇರಿಯಿಂದ ಒಂದೇ ತರಹದ ಡಬ್ಬಿ ಬರುತ್ತದಂತೆ. ಅಕ್ಕ ಬಿಚ್ಚಿದಳು. ಹೊಸ ಷೂ, ಒಂದು ಜೊತೆ. ಅವಳು ಬಲಗಾಲಿನದನ್ನು ಹೊರಗೆ ತೆಗೆದು ಅವನ ಕೈಗೆ ಕೊಟ್ಟು, "ಇದು ವಾಪಸ್ ತಗೊಂಡು ಹೋಗಿ" ಎಂದಳು. ವಾವ್ ಒಂಟಿ ಷೂ ಹಿಡಿದುಕೊಂಡು ವಾರ್ಡಿನುದ್ದಕ್ಕೂ ನಡೆದುಹೋದ. ಅವನ ಮೇಲೆ ನನಗೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ.

ಪ್ರದರ್ಶನ ನಿಲ್ಲಲಿಲ್ಲ, ನನ್ನ ಲಾರಿಯೂ ನಿಲ್ಲಲಿಲ್ಲ. ಊರೂರಿನ ಬಾಗಿಲಲ್ಲಿ ಭಾವನ ಮುಖ ಕಣ್ಣೊದ್ದೆ ಮಾಡಿಕೊಂಡು, ಯಾರೋ ಪ್ರೀತಿಯಿಂದ ಕಾಲು ಹಿಡಿದುಕೊಂಡ ಹಾಗಿದೆ ಎಂದು ಹೇಳುತ್ತಲೇ ಇತ್ತು. ಅದನ್ನಾದರೂ ತೆಗೆಯಿರಿ ಎಂದು ಮೇಡಂ ಹತ್ತಿರ ಹೋದೆ. ಅವರು ಕೇಳಿ ನೋಡಿದರು. ಪ್ರವಾಸ ಮುಗಿಯುವವರೆಗೆ ಒಪ್ಪಂದವಿದೆ ಎಂದು ಉತ್ತರ ಬಂತು. "ನನ್ನ ಕೈಲಿ ಏನಿದೆ ಹೇಳಿ?" ಎಂದರು ಮೇಡಂ. ಏನಿತ್ತೋ ಏನಿರಲಿಲ್ಲವೋ, ನಾನು ಎದ್ದುಬಂದೆ. ಮಣ್ಣಿಗೆ ಹೊಸ ಆಳು ಬಂದ. ಅವನು ಹಲುಬೆಯನ್ನು ಮುಂದಕ್ಕೆ ಎಳೆಯುತ್ತಿದ್ದ, ಉಳಿದ ಗುರುತನ್ನು ಹಗ್ಗದ ಆಚೆಯಿಂದ ಪೊರಕೆಯಲ್ಲಿ ಒರೆಸುತ್ತಿದ್ದ. ಆಮೇಲೆ ಆ ಅಚ್ಚಿನಿಂದ ಮಾಡಿಸಿದ ರಬ್ಬರಿನ ಪಾದಗಳನ್ನು ತಂದು ಒತ್ತಿ ಭಾವನ ಹೆಜ್ಜೆ ಮೂಡಿಸುತ್ತಿದ್ದ. ನಾನು ಆ ಹೊತ್ತಿಗೆ ಲಾರಿಗೆ ಹೋಗಿ ಕೂರುತ್ತಿದ್ದೆ.

ಕೊನೆಗೆ ಪ್ರದರ್ಶನ ನಮ್ಮ ಊರಿಗೇ ಬಂತು. ಭಾವ ನೋಡಬೇಕೆಂದ. ಅಕ್ಕ ಬೇಡವೆಂದಳು, ಕೂಗಾಡಿದಳು, ಕೊನೆಗೆ ಅವನ ಅಂಗಿ ಇಸ್ತ್ರಿ ಮಾಡಿಸಿಕೊಟ್ಟಳು. ಅವನು ಮನೆ ಸೇರಿದಮೇಲೆ ಮೆಟ್ಟಿಲು ಇಳಿದದ್ದು ಆಸ್ಪತ್ರೆಗೆ ಹೋಗಲು ಮಾತ್ರ. ಎರಡೂ ಕಂಕುಳಿಗೆ ಊರುಗೋಲು ಸಿಕ್ಕಿಸಿಕೊಂಡು, ಪ್ಯಾಂಟಿನ ಬಲಗಾಲನ್ನು ಅಕ್ಕ ಮಡಚಿ ಪಿನ್ನು ಹಾಕಿದ ಮೇಲೆ, ಒಂದೊಂದೇ ಮೆಟ್ಟಿಲು ಇಳಿದ. ನಾನು ಮುಂದೆ ಇಳಿಯುತ್ತ, ಬಿದ್ದರೆ ನನ್ನ ಮೇಲೆ ಬೀಳಲಿ ಎಂದು ಬೆನ್ನು ಕೊಟ್ಟು ನಿಂತೆ.

ಬಾಗಿಲಲ್ಲಿ ಪರದೆಯ ಮೇಲಿನ ತನ್ನ ಮುಖವನ್ನು ಭಾವ ನೋಡಲಿಲ್ಲ. ಅಲ್ಲಿದ್ದವರಲ್ಲಿ ಒಬ್ಬರೂ ಆ ಮುಖವನ್ನು ಈ ಮುಖಕ್ಕೆ ಹೋಲಿಸಲಿಲ್ಲ, ಅಷ್ಟು ಬದಲಾಗಿದ್ದ. ಹಗ್ಗದ ಹತ್ತಿರ ಶಾಲೆಯ ಮಕ್ಕಳು, ಅಪ್ಪ ಅಮ್ಮಂದಿರು ಗುಂಪುಗೂಡಿದ್ದರು. ನಾವು ಸಂದು ಮಾಡಿಕೊಂಡು ಮುಂದೆ ಹೋದೆವು. ಮಣ್ಣಿನ ನಡುವೆ ಎರಡು ಬರಿಗಾಲ ಹೆಜ್ಜೆ, ಅವುಗಳ ಮುಂದೆ ಷೂ ಹೆಜ್ಜೆಗಳ ಸಾಲು ಆಕಾಶದ ಕಡೆಗೆ ಹೋಗಿತ್ತು. ಮೇಲಿನಿಂದ ಬೆಳಕು ಬಿಟ್ಟಿದ್ದರು.

"ಮಣ್ಣು ಸರಿಯಾಗಿ ಎಳೆದಿಲ್ಲ" ಎಂದ ಭಾವ.

ಯಾರೋ ತಂದೆ ಮಗಳಿಗೆ ಹೇಳುತ್ತಿದ್ದ, "ನೋಡು ಪುಟ್ಟಿ, ಮಂಗಳದ ಮೇಲೆ ಮನುಷ್ಯ ಇಟ್ಟ ಮೊದಲನೇ ಹೆಜ್ಜೆ." ಆ ಮಗು ಯಾರ ಕಾಲು ಎಂದು ಕೇಳಿತು. ಯಾರೋ ದೊಡ್ಡ ವಿಜ್ಞಾನಿದು ಎಂದ ತಂದೆ. ಆಮೇಲೆ ಫೋನು ಎತ್ತಿಕೊಂಡು ಭಾವನಿಗೆ, "ಸ್ವಲ್ಪ ಪಕ್ಕಕ್ಕೆ ಬರ್ತೀರಾ ಸಾರ್? ಹೆಜ್ಜೆ ಮರೆಯಾಗ್ತಿದೆ" ಎಂದ. ಭಾವ ಊರುಗೋಲು ಎತ್ತಿಟ್ಟು, ಎಡಗಾಲು ಎಳೆದುಕೊಂಡು, ಮತ್ತೆ ಊರುಗೋಲು ಎತ್ತಿಟ್ಟು, ಅವರಿಗೆ ಜಾಗ ಮಾಡಿಕೊಟ್ಟ.

ಅಕ್ಕ ಮಾತ್ರ ಕದಲಲಿಲ್ಲ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಆ ಹೆಜ್ಜೆಗಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ತೋಳು ಹಿಡಿದು ಎಳೆದಳು.

"ಎಡಗಾಲು ಇವರದ್ದೇ. ಎರಡನೇ ಬೆರಳು ಹೆಬ್ಬೆರಳ ಮೇಲೆ ಒರಗಿದೆ ನೋಡು, ಇವರದ್ದೇ. ಬಲಗಾಲಲ್ಲೂ ಹಾಗೇ ಒರಗಿಸಿಬಿಟ್ಟಿದಾರೆ. ಬಲಗಾಲಲ್ಲಿ ಬೆರಳು ನೆಟ್ಟಗಿದ್ವು ಕಣೋ, ಐದಕ್ಕೈದೂ ನೆಟ್ಟಗಿದ್ವು. ಇದು ಇವರ ಕಾಲಲ್ಲ." ಅವಳ ದನಿ ಏರಿತು. "ಇಲ್ಲಾದ್ರೂ ಇರುತ್ತೆ, ನೋಡ್ಕೊಂಡು ಬರೋಣ ಅಂತ ಬಂದೆನಲ್ಲೋ ನಾನು. ಇವರ ಬಲಗಾಲು ಇನ್ನು ಎಲ್ಲೂ ಇಲ್—"

ಜನ ತಿರುಗಿ ನೋಡಿದರು. ಭಾವ ಒಂದು ಊರುಗೋಲನ್ನು ನನಗೆ ಕೊಟ್ಟು, ಬಿಡುವಾದ ಕೈಯನ್ನು ಅವಳ ಬೆನ್ನ ಮೇಲಿಟ್ಟ.

"ಸುಮ್ನಿರೇ" ಎಂದ ಮೆಲ್ಲಗೆ. "ಮಕ್ಕಳು ಫೋಟೋ ತೆಗೀತಿದಾರೆ."